ನೋವು ನಿಂತರೆ ಹಲ್ಲು ಗುಣವಾಯಿತೇ?

ಶಾಸ್ತ್ರೋತ್ಸವದ ತಯಾರಿ ಶುರುವಾಗುವ ಮೊದಲೇ ಈ ಮಾತು ಹೇಳಿಬಿಡುವುದು ಒಳ್ಳೆಯದು. ಆಮೇಲೆ ಹೇಳಿದರೆ ಯಾರದೋ ಮಕ್ಕಳ ಪ್ರಾಜೆಕ್ಟಿಗೆ ಕಲ್ಲು ಹಾಕಿದ ಹಾಗಾಗುತ್ತದೆ.

ಉಪಜಿಲ್ಲಾ ಮಟ್ಟದಲ್ಲಿ ತೀರ್ಪುಗಾರರಾಗಿ ಕೂತವರಿಗೆಲ್ಲ ಈ ಪ್ರಾಜೆಕ್ಟಿನ ಪರಿಚಯ ಇದ್ದೇ ಇದೆ. ಒಂದು ರಟ್ಟಿನ ಬೋರ್ಡು. ಅದರ ಮೇಲೆ ಲವಂಗ, ಅರಸಿನ, ಪೇರಳೆ ಎಲೆ, ಕಹಿಬೇವಿನ ಕಡ್ಡಿ, ಹಳದಿ ಮೊಗ್ಗಿನ ಹಲ್ಲುನೋವಿನ ಗಿಡ. ಪಕ್ಕದಲ್ಲಿ ಊರಿನ ಇಪ್ಪತ್ತು ಮನೆಗಳ ಸರ್ವೆ, ಬಣ್ಣ ಹಚ್ಚಿದ ಪೈ ಚಾರ್ಟು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ತೀರ್ಮಾನ: ಹಲ್ಲುನೋವಿಗೆ ಔಷಧಿ ಸಸ್ಯಗಳು ಪರಿಣಾಮಕಾರಿ, ಅಡ್ಡಪರಿಣಾಮ ಇಲ್ಲ. ಮಕ್ಕಳು ಚೆನ್ನಾಗಿ ಮಾತಾಡುತ್ತಾರೆ, ಅಜ್ಜಿಯ ಹೆಸರು ಹೇಳುತ್ತಾರೆ, ನಮಗೂ ಖುಷಿಯಾಗುತ್ತದೆ. 'ಎ' ಗ್ರೇಡು ಕೊಟ್ಟು ಕಳಿಸುತ್ತೇವೆ.

ಆ ತೀರ್ಮಾನಕ್ಕೆ ನಾವು ಗ್ರೇಡು ಕೊಡಬಾರದು ಎನ್ನುವುದು ನನ್ನ ವಾದ. ಪ್ರಾಜೆಕ್ಟೇ ಬೇಡ ಅಂತಲ್ಲ. ಗಿಡಗಳ ಮೇಲೆ ನನಗೆ ಸಿಟ್ಟೂ ಇಲ್ಲ. ಆದರೆ ಇಪ್ಪತ್ತು ಮನೆಯವರು "ನಾವು ಲವಂಗ ಇಡ್ತೇವೆ, ನೋವು ಹೋಗ್ತದೆ" ಅಂದರೆ ಅದು ಇಪ್ಪತ್ತು ಮನೆಯಲ್ಲಿ ಲವಂಗ ಇಡುತ್ತಾರೆ ಎನ್ನುವುದಕ್ಕೆ ಮಾತ್ರ ಸಾಕ್ಷಿ. ಹಲ್ಲಿನ ಒಳಗೆ ಏನಾಯಿತು ಎನ್ನುವುದಕ್ಕೆ ಸಾಕ್ಷಿಯಲ್ಲ. ಉಳಿದ ಅಂಗಗಳ ವಿಷಯದಲ್ಲಿ ಈ ವ್ಯತ್ಯಾಸ ಅಷ್ಟೊಂದು ಅಪಾಯ ತರಲಿಕ್ಕಿಲ್ಲ. ಹಲ್ಲಿನ ವಿಷಯದಲ್ಲಿ ತರುತ್ತದೆ. ಏಕೆ ಅಂತ ನೋಡೋಣ.

ನಾವೆಲ್ಲ ಕಪ್ಪುಹಲಗೆಯ ಮೇಲೆ ಹಲ್ಲಿನ ಛೇದಚಿತ್ರ ಬಿಡಿಸಿದವರೇ. ಹೊರಗೆ ಎನಾಮಲ್, ಅದರ ಒಳಗೆ ಡೆಂಟೀನ್, ನಟ್ಟನಡುವೆ ತಿರುಳು ಅಂದರೆ ಪಲ್ಪ್. ಬಾಣದ ಗುರುತು ಹಾಕಿ ಹೆಸರು ಬರೆಸುತ್ತೇವೆ, ಮುಂದಿನ ಪಾಠಕ್ಕೆ ಹೋಗುತ್ತೇವೆ. ಆದರೆ ಈ ತಿರುಳು ಎಷ್ಟು ಪುಟ್ಟದು ಎಂದು ಮಕ್ಕಳಿಗೆ ಹೇಳಿದ್ದೇವೆಯೇ? ದೊಡ್ಡವರ ಒಂದು ಹಲ್ಲಿನ ತಿರುಳಿನ ಸರಾಸರಿ ಗಾತ್ರ ಸುಮಾರು 0.02 ಮಿಲಿಲೀಟರ್. ಡ್ರಾಪರಿನಿಂದ ಬೀಳುವ ಒಂದು ಹನಿ ನೀರಿನ ಅರ್ಧದಷ್ಟೂ ಇಲ್ಲ. ಆ ಅರ್ಧ ಹನಿಯೊಳಗೆ ರಕ್ತನಾಳ, ನರ, ಡೆಂಟೀನ್ ಕಟ್ಟುವ ಜೀವಕೋಶ, ರೋಗನಿರೋಧಕ ಕೋಶ ಎಲ್ಲವೂ ಇವೆ. ಸುತ್ತಲೂ ಕಲ್ಲಿನಂಥ ಗೋಡೆ. ರಕ್ತ ಒಳಬರುವುದಕ್ಕೂ ಹೊರಹೋಗುವುದಕ್ಕೂ ಬೇರಿನ ತುದಿಯಲ್ಲಿ ಸೂಜಿಯ ಮೊನೆಯಷ್ಟು ಕಿಂಡಿ.

ಕೈಗೆ ಮುಳ್ಳು ಚುಚ್ಚಿದರೆ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಇದೇ ಉರಿಯೂತ. ಊದಿಕೊಳ್ಳಲಿಕ್ಕೆ ಕೈಯಲ್ಲಿ ಜಾಗ ಇದೆ, ಚರ್ಮ ಹಿಗ್ಗುತ್ತದೆ. ಹಲ್ಲಿನೊಳಗೆ ಜಾಗವೇ ಇಲ್ಲ. ರಕ್ತನಾಳದಿಂದ ದ್ರವ ಸೋರಿದರೆ ಒತ್ತಡ ಏರುತ್ತದೆ, ಒತ್ತಡ ಏರಿದ ಕಡೆ ರಕ್ತ ಸಂಚಾರ ಕುಂಠಿತವಾಗುತ್ತದೆ, ಆ ಭಾಗದ ಕೋಶಗಳು ಸಾಯತೊಡಗುತ್ತವೆ. ಇದನ್ನು ತರಗತಿಯಲ್ಲಿ ತೋರಿಸಲು ಒಂದು ಸುಲಭ ದಾರಿ ಇದೆ. ಒಂದು ಹಿಡಿ ಕಡಲೆಯನ್ನು ಬಟ್ಟೆಯ ಚೀಲದಲ್ಲಿ ಸಡಿಲವಾಗಿ ಕಟ್ಟಿ ನೀರಿಗೆ ಹಾಕಿ. ಇನ್ನೊಂದು ಹಿಡಿಯನ್ನು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಂಚಿನವರೆಗೆ ಒತ್ತಿ ತುಂಬಿ, ಮುಚ್ಚಳಕ್ಕೆ ಒಂದು ಸಣ್ಣ ತೂತು ಮಾಡಿ ನೀರಲ್ಲಿ ಮುಳುಗಿಸಿಡಿ. ಮರುದಿನ ಡಬ್ಬಿಯ ಸ್ಥಿತಿ ನೋಡಿ. ಗಾಜಿನ ಬಾಟಲಿ ಮಾತ್ರ ಬೇಡ, ಒಡೆದೀತು.

ಈಗ ನೋವಿನ ಕಥೆ. ಹುಳುಕು ಡೆಂಟೀನಿನವರೆಗೆ ಬಂದಾಗ ತಣ್ಣೀರು, ಐಸ್‌ಕ್ಯಾಂಡಿ ತಾಗಿದರೆ ಚುರ್ ಅನ್ನುತ್ತದೆ, ತೆಗೆದ ಕೂಡಲೇ ಹೋಗುತ್ತದೆ. ಇಲ್ಲಿಯವರೆಗಿನ ಉರಿಯೂತ ಹಿಂದಿರುಗಬಲ್ಲದ್ದು. ಹುಳುಕು ತೆಗೆದು ತುಂಬಿಸಿದರೆ ತಿರುಳು ಸುಧಾರಿಸಿಕೊಳ್ಳುತ್ತದೆ. ಮುಂದಿನ ಹಂತದಲ್ಲಿ ತಣ್ಣೀರು ಕುಡಿದು ನಿಮಿಷಗಟ್ಟಲೆ ಆದರೂ ನೋವು ಬಿಡುವುದಿಲ್ಲ. ಕಾರಣವಿಲ್ಲದೆಯೂ ಬರುತ್ತದೆ. ರಾತ್ರಿ ಮಲಗಿದರೆ ಹೆಚ್ಚಾಗುತ್ತದೆ. ಈ ಹಂತದ ತಿರುಳು ತಾನಾಗಿ ಮೊದಲಿನಂತಾಗುವುದು ಕಷ್ಟ. ಅದರ ನಂತರ ಒಂದು ದಿನ ನೋವು ಪೂರ್ತಿ ನಿಲ್ಲುತ್ತದೆ. ತಣ್ಣೀರಿಗೂ ಇಲ್ಲ, ಬಿಸಿಗೂ ಇಲ್ಲ. ಮನೆಯವರು ನಿಟ್ಟುಸಿರು ಬಿಡುತ್ತಾರೆ.

ತಿರುಳು ಸತ್ತಿದೆ. ನೋವು ಹೇಳುವ ನರವೇ ಇಲ್ಲವಾಗಿದೆ. ಇನ್ನು ಕೆಲವು ವಾರಕ್ಕೋ ತಿಂಗಳಿಗೋ ಬೇರಿನ ತುದಿಯಲ್ಲಿ ಕೀವು ಕಟ್ಟಬಹುದು, ವಸಡಿನಲ್ಲಿ ಗುಳ್ಳೆ ಏಳಬಹುದು, ಮುಖವೇ ಊದಬಹುದು.

ಈ ಎರಡನೆಯ ಮತ್ತು ಮೂರನೆಯ ಹಂತದ ನಡುವೆ ಮನೆಯಲ್ಲಿ ಏನು ಇಟ್ಟಿದ್ದರೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಲವಂಗ ಇಟ್ಟಿದ್ದರೆ ಲವಂಗ. ಎಕ್ಕದ ಹಾಲು ಹಾಕಿದ್ದರೆ ಎಕ್ಕದ ಹಾಲು. ನೆಲಗುಳ್ಳದ ಬೀಜದ ಹೊಗೆ ಕೊಟ್ಟು ಹಲ್ಲಿನ ಹುಳು ಬೀಳಿಸಿದವರು ಇದ್ದರೆ ಅವರು. (ಹಲ್ಲಿನಲ್ಲಿ ಹುಳು ಇರುವುದಿಲ್ಲ ಎಂದು ಇಲ್ಲಿ ಓದುವವರಿಗೆ ಹೇಳಬೇಕಾಗಿಲ್ಲ. ಯುರೋಪಿನಲ್ಲೂ ಹೆನ್‌ಬೇನ್ ಎಂಬ ಗಿಡದ ಬೀಜದ ಹೊಗೆ ಕೊಟ್ಟು ಹೀಗೇ ಹುಳು ತೋರಿಸುತ್ತಿದ್ದರು. ಹುಳುವಿನಂತೆ ಕಂಡದ್ದು ಶಾಖಕ್ಕೆ ಸಿಡಿದ ಬೀಜದ ಒಳಭಾಗ.) ನಮ್ಮ ಸರ್ವೆಯ ಇಪ್ಪತ್ತು ಮನೆಯವರು ಸುಳ್ಳು ಹೇಳಿಲ್ಲ. ನೋವು ಹೋಗಿದ್ದು ನಿಜ.

ಹಾಗಾದರೆ ಗಿಡದ ಸಾರ ತಿರುಳಿನ ಉರಿಯೂತ ಕಡಿಮೆ ಮಾಡುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು ಹೇಗೆ? ಇದನ್ನು ಮಾಡುವವರು ಇದ್ದಾರೆ, ಅವರ ದಾರಿ ನಮ್ಮ ಮಕ್ಕಳಿಗೆ ಗೊತ್ತಾಗಬೇಕು.

ಹಲ್ಲಿಗೆ ಕ್ಲಿಪ್ ಹಾಕುವಾಗ ಜಾಗಕ್ಕಾಗಿ ಕಿತ್ತ ಒಳ್ಳೆಯ ಹಲ್ಲು, ಅಥವಾ ಕಿತ್ತ ಬುದ್ಧಿಹಲ್ಲು, ಪ್ರಯೋಗಾಲಯಕ್ಕೆ ಬರುತ್ತದೆ. ಅದನ್ನು ಸೀಳಿ ತಿರುಳನ್ನು ತೆಗೆದು, ಜೀವಕೋಶಗಳನ್ನು ಬೇರ್ಪಡಿಸಿ, ಪೋಷಕ ದ್ರಾವಣದಲ್ಲಿ ಬೆಳೆಸುತ್ತಾರೆ. ಆಮೇಲೆ ಬ್ಯಾಕ್ಟೀರಿಯಾದ ಹೊರಪದರದಿಂದ ತೆಗೆದ ಎಲ್‌ಪಿಎಸ್ ಎಂಬ ವಸ್ತುವನ್ನು ಹಾಕುತ್ತಾರೆ. ಶತ್ರು ಬಂದ ಅಂದುಕೊಂಡು ಕೋಶಗಳು ಐಎಲ್-6, ಐಎಲ್-8 ಮುಂತಾದ ಸಂದೇಶವಾಹಕ ಪ್ರೋಟೀನುಗಳನ್ನು ಬಿಡುತ್ತವೆ. ಉರಿಯೂತಕ್ಕೆ ಕೊಡುವ ಕರೆ ಅದು. ಇನ್ನೊಂದಿಷ್ಟು ಬಟ್ಟಲುಗಳಲ್ಲಿ ಎಲ್‌ಪಿಎಸ್ ಜೊತೆಗೆ ಗಿಡದ ಸಾರವನ್ನೂ ಹಾಕುತ್ತಾರೆ. ಐಎಲ್-6 ಕಡಿಮೆಯಾಯಿತೇ? ಅಳೆಯುತ್ತಾರೆ.

ಕಡಿಮೆಯಾಯಿತು ಅಂದುಕೊಳ್ಳಿ. ಮುಗಿಯಿತೇ? ಇಲ್ಲ. ಕೋಶಗಳು ಸತ್ತುಹೋಗಿದ್ದರೂ ಐಎಲ್-6 ಕಡಿಮೆಯಾಗುತ್ತದಲ್ಲ! ಸತ್ತ ಹಲ್ಲು ನೋಯದ ಹಾಗೆ ಸತ್ತ ಕೋಶವೂ ಕೂಗುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಇನ್ನೊಂದು ಪರೀಕ್ಷೆ ಬೇಕು. ಜೀವಂತ ಕೋಶಗಳು ಒಂದು ಹಳದಿ ವಸ್ತುವನ್ನು ನೇರಳೆಗೆ ತಿರುಗಿಸುತ್ತವೆ, ನೇರಳೆ ಎಷ್ಟಿದೆ ಎಂದು ನೋಡಿ ಎಷ್ಟು ಕೋಶ ಬದುಕಿವೆ ಎಂದು ಲೆಕ್ಕ ಹಾಕುತ್ತಾರೆ. ಎಂಟಿಟಿ ಪರೀಕ್ಷೆ ಅಂತ ಹೆಸರು. ಇದೂ ಸಾಲದು. ಸಾರ ತೆಗೆದದ್ದು ಆಲ್ಕೋಹಾಲಿನಲ್ಲಾದರೆ, ಗಿಡವಿಲ್ಲದ ಬರೀ ಆಲ್ಕೋಹಾಲನ್ನು ಅಷ್ಟೇ ಪ್ರಮಾಣದಲ್ಲಿ ಹಾಕಿದ ಬಟ್ಟಲೂ ಇರಬೇಕು. ಇಲ್ಲದಿದ್ದರೆ ಕೆಲಸ ಮಾಡಿದ್ದು ಪೇರಳೆಯೋ ಆಲ್ಕೋಹಾಲೋ ಹೇಳುವವರು ಯಾರು?

ಅರಸಿನದ ವಿಷಯದಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಅದರ ಕರ್ಕ್ಯುಮಿನ್ ಸ್ವತಃ ಬಣ್ಣದ ವಸ್ತು, ಬೆಳಕನ್ನೂ ಹೊಮ್ಮಿಸುತ್ತದೆ, ಪರೀಕ್ಷೆಯಲ್ಲಿ ಬಳಸುವ ಪ್ರೋಟೀನುಗಳಿಗೆಲ್ಲ ಅಂಟಿಕೊಳ್ಳುತ್ತದೆ, ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಬಣ್ಣ ಅಳೆದು ಉತ್ತರ ಹೇಳುವ ಪರೀಕ್ಷೆಗೆ ಬಣ್ಣದ ವಸ್ತುವನ್ನೇ ಸುರಿದರೆ ಏನಾಗುತ್ತದೆ, ನೀವೇ ಊಹಿಸಿ. 2017ರಲ್ಲಿ ಅಮೆರಿಕದ ಕೆಲವು ರಸಾಯನ ವಿಜ್ಞಾನಿಗಳು ಕರ್ಕ್ಯುಮಿನ್ ಕುರಿತ ಸಂಶೋಧನೆಗಳನ್ನೆಲ್ಲ ಜಾಲಾಡಿ, ಅದುವರೆಗಿನ 120ಕ್ಕೂ ಹೆಚ್ಚು ಕ್ಲಿನಿಕಲ್ ಪ್ರಯೋಗಗಳ ಹೊರತಾಗಿಯೂ ಸರಿಯಾದ ಹೋಲಿಕೆಯಿರುವ ಪ್ರಯೋಗವೊಂದೂ ಗೆದ್ದಿಲ್ಲ ಎಂದು ಬರೆದರು. ಈ ತೀರ್ಪು ತುಂಬ ಕಟುವಾಯಿತು ಎನ್ನುವವರೂ ಇದ್ದಾರೆ. ಏನೇ ಇರಲಿ, "ಅರಸಿನ ಉರಿಯೂತ ಶಮನಕಾರಿ, ಇದು ವಿಜ್ಞಾನದಿಂದ ಸಾಬೀತಾಗಿದೆ" ಎಂದು ಬೋರ್ಡಿನ ಮೇಲೆ ಬರೆಸುವ ಮೊದಲು ಈ ಜಗಳ ಇದೆ ಎಂದಾದರೂ ನಮಗೆ ಗೊತ್ತಿರಬೇಡವೇ?

ಇಷ್ಟೆಲ್ಲ ದಾಟಿದರೂ ಅದು ಬಟ್ಟಲಿನಲ್ಲಿ. ನಿಜವಾದ ಹಲ್ಲಿನಲ್ಲಿ ಸಾರ ತಿರುಳನ್ನು ಮುಟ್ಟಬೇಕಾದರೆ ಡೆಂಟೀನಿನ ಸೂಕ್ಷ್ಮ ನಳಿಗೆಗಳ ಮೂಲಕ ಇಳಿಯಬೇಕು, ಅಲ್ಲಿ ದ್ರವ ಒಳಗಿನಿಂದ ಹೊರಕ್ಕೆ ಒತ್ತುತ್ತಿರುತ್ತದೆ. ಕಷಾಯ ಬಾಯಿ ಮುಕ್ಕಳಿಸಿ ಉಗುಳುವ ಅರ್ಧ ನಿಮಿಷದಲ್ಲಿ ಎಷ್ಟು ಇಳಿದೀತು? ನುಂಗಿದರೆ ಆಗಬಹುದಲ್ಲ ಅಂತೀರಾ. ಪೆನ್ಸಿಲಿನ್ ಮಾತ್ರೆಯ ಕಥೆ ಕೇಳಿ. ಹಿಂದಿರುಗದ ಹಂತದ ತಿರುಳಿನ ಉರಿಯೂತವಿದ್ದ 40 ಜನರಲ್ಲಿ ಅರ್ಧ ಜನರಿಗೆ ಪೆನ್ಸಿಲಿನ್, ಉಳಿದವರಿಗೆ ಅದೇ ರೂಪದ ಹುಸಿಮಾತ್ರೆ ಕೊಟ್ಟು ನೋಡಿದ ಒಂದು ಪ್ರಯೋಗ 2000ದಲ್ಲಿ ಪ್ರಕಟವಾಯಿತು. ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಚಿಕ್ಕ ಪ್ರಯೋಗವೇ, ಆದರೂ ಹಲ್ಲುನೋವು ಅಂದ ಕೂಡಲೇ ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ನುಂಗುವ ನಮ್ಮ ಅಭ್ಯಾಸಕ್ಕೂ ಇದು ಉತ್ತರ. ಮನೆಮದ್ದಿನವರನ್ನು ಮಾತ್ರ ನಾನು ಬೈಯುತ್ತಿಲ್ಲ.

ಉರಿಯೂತಕ್ಕಿಂತ ಹಿಂದೆ ಹೋದರೆ ಬ್ಯಾಕ್ಟೀರಿಯಾ. 1965ರಲ್ಲಿ ಅಮೆರಿಕದ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ಹಲ್ಲು ಕೊರೆದು ತಿರುಳನ್ನು ಬಯಲು ಮಾಡಿ ಹಾಗೇ ಬಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಸತ್ತಿತು, ಕೀವಾಯಿತು. ಹುಟ್ಟಿನಿಂದಲೇ ಒಂದೂ ಸೂಕ್ಷ್ಮಜೀವಿ ಇಲ್ಲದಂತೆ ಸಾಕಿದ ಇಲಿಗಳಲ್ಲಿ, ಅನ್ನದ ಅಗುಳಿನಂಥ ಕಸ ತೂತಿನಲ್ಲಿ ತುಂಬಿಕೊಂಡರೂ, ತಿರುಳು ಬದುಕಿ ಮೇಲೆ ಹೊಸ ಡೆಂಟೀನಿನ ಸೇತುವೆ ಕಟ್ಟಿಕೊಂಡಿತು. ಔಷಧಿ ಏನೂ ಹಾಕದೆ! ಮಕ್ಕಳಿಗೆ ಹೋಲಿಕೆ ಗುಂಪು ಅಂದರೇನು ಎಂದು ಕಲಿಸಲು ಇದಕ್ಕಿಂತ ಸೊಗಸಾದ ಉದಾಹರಣೆ ನನಗೆ ಸಿಕ್ಕಿಲ್ಲ. ಪಠ್ಯಪುಸ್ತಕದಲ್ಲಿ ಇರಬೇಕಾಗಿತ್ತು. ಹುಳುಕನ್ನು, ಅದರೊಂದಿಗೆ ಸೂಕ್ಷ್ಮಜೀವಿಗಳನ್ನು, ತೆಗೆಯದೆ ಮೇಲಿಂದ ಏನು ಹಚ್ಚಿದರೂ ತಿರುಳಿಗೆ ನೆಮ್ಮದಿಯಿಲ್ಲ ಎನ್ನುವುದು ಆ ಇಲಿಗಳಿಂದ ಗೊತ್ತಾದ ಸಂಗತಿ.

ಲವಂಗದ ಪರ ಈಗ ಎರಡು ಮಾತು ಹೇಳಲೇಬೇಕು, ಅಜ್ಜಿಯಂದಿರಿಗೆ ಅನ್ಯಾಯ ಆಗಬಾರದು. ಲವಂಗದ ಎಣ್ಣೆಯಲ್ಲಿ ಸಾಮಾನ್ಯವಾಗಿ ಶೇಕಡಾ 70ರಿಂದ 90ರವರೆಗೆ ಯೂಜಿನಾಲ್ ಇರುತ್ತದೆ. ಅದು ನರಗಳ ಸಂಕೇತವನ್ನು ತಡೆಯುತ್ತದೆ, ನೋವು ಮತ್ತು ಉರಿಯೂತಕ್ಕೆ ಕಾರಣವಾಗುವ ಪ್ರೋಸ್ಟಾಗ್ಲಾಂಡಿನ್ ತಯಾರಿಯನ್ನೂ ತಗ್ಗಿಸುತ್ತದೆ. 2006ರಲ್ಲಿ ಕುವೈತಿನಲ್ಲಿ 73 ಮಂದಿಯ ವಸಡಿನ ಬಳಿ ಲವಂಗದ ಜೆಲ್, ಬೆಂಜೊಕೇನ್ ಎಂಬ ಮರವಿನ ಔಷಧಿ ಮತ್ತು ಔಷಧಿಯಿಲ್ಲದ ಜೆಲ್ ಹಚ್ಚಿ ಸೂಜಿ ಚುಚ್ಚಿ ನೋಡಿದ್ದಾರೆ. ಲವಂಗ ಬೆಂಜೊಕೇನಿಗೆ ಸರಿಸಮ ನಿಂತಿತು. ಹಲ್ಲಿನ ಕ್ಲಿನಿಕ್ಕಿನ ಬಾಗಿಲಲ್ಲಿ ಮೂಗಿಗೆ ಬಡಿಯುವ ಆ ವಾಸನೆ ಇದೆಯಲ್ಲ, ಅದೂ ಯೂಜಿನಾಲೇ. ಜಿಂಕ್ ಆಕ್ಸೈಡಿನ ಜೊತೆ ಕಲಸಿ ತಾತ್ಕಾಲಿಕವಾಗಿ ಹಲ್ಲು ತುಂಬಿಸುವುದಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬಳಸುತ್ತಿದ್ದಾರೆ.

ಆದರೆ ಇಲ್ಲೇ ಪ್ರಮಾಣದ ಪ್ರಶ್ನೆ ಏಳುತ್ತದೆ. ಆ ಕಲಸಿದ ಹಿಟ್ಟಿನಿಂದ ಯೂಜಿನಾಲ್ ಡೆಂಟೀನಿನ ಮೂಲಕ ಸ್ವಲ್ಪಸ್ವಲ್ಪವೇ ಸೋರಿದರೆ ತಿರುಳಿಗೆ ಹಿತ. ಅದೇ ಯೂಜಿನಾಲ್ ಬಯಲಾದ ತಿರುಳಿನ ಮೇಲೆ ನೇರವಾಗಿ ಬಿದ್ದರೆ ಕೋಶಗಳನ್ನು ಕೊಲ್ಲುತ್ತದೆ. ಹಲ್ಲಿನ ವೈದ್ಯರು ತಿರುಳು ಕಾಣುತ್ತಿದ್ದರೆ ಅದರ ಮೇಲೆ ಅದನ್ನು ಇಡುವುದಿಲ್ಲ. ನಾವು ಮನೆಯಲ್ಲಿ ಹತ್ತಿಗೆ ಎಣ್ಣೆ ಅದ್ದಿ ತುರುಕುವುದು ಸರಿಯಾಗಿ ಅಲ್ಲಿಗೇ. ಬಾಟಲಿ ಮಕ್ಕಳ ಕೈಗೆ ಸಿಕ್ಕರೆ ಇನ್ನೂ ಕಷ್ಟ. 5ರಿಂದ 10 ಮಿಲಿಲೀಟರ್ ಲವಂಗದ ಎಣ್ಣೆ ಕುಡಿದ ಎರಡು ವರ್ಷದ ಮಗು ಎಚ್ಚರ ತಪ್ಪಿ ಯಕೃತ್ತಿಗೆ ಪೆಟ್ಟು ಬಿದ್ದ ವರದಿ ವೈದ್ಯಕೀಯ ಪತ್ರಿಕೆಯಲ್ಲಿದೆ. ಅಡುಗೆಮನೆಯ ಡಬ್ಬಿಯ ಒಂದು ಲವಂಗ ಕಚ್ಚಿಕೊಳ್ಳುವುದು ಬೇರೆ, ಎಣ್ಣೆಯ ಬಾಟಲಿ ಬೇರೆ. ಎಕ್ಕದ ಹಾಲಂತೂ ಬೇಡವೇ ಬೇಡ. ವಸಡು ಸುಡುತ್ತದೆ, ಅದೇ ಬೆರಳಲ್ಲಿ ಕಣ್ಣುಜ್ಜಿದರೆ ಕಣ್ಣಿನ ಪಾರದರ್ಶಕ ಪಟಲಕ್ಕೇ ಹಾನಿ.

"ಅಡ್ಡಪರಿಣಾಮ ಇಲ್ಲ" ಎಂಬ ಸಾಲನ್ನು ಯಾವ ಬೋರ್ಡಿನಲ್ಲಿ ಕಂಡರೂ ನಾವು ಮೊದಲು ಅಳಿಸಬೇಕು.

ಒಂದು ಸಂಗತಿ ನನಗೆ ಬಹಳ ಇಷ್ಟ. ತಿರುಳನ್ನು ಉಳಿಸುವ ಪಂದ್ಯದಲ್ಲಿ ಇಷ್ಟು ದಿನ ಗೆದ್ದದ್ದು ಎಲೆಯೂ ಅಲ್ಲ ಬೇರೂ ಅಲ್ಲ. ಸುಣ್ಣ! ಹೌದು, ನಮ್ಮ ವೀಳ್ಯದೆಲೆಗೆ ಹಚ್ಚುವ ಸುಣ್ಣ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. 1920ರಲ್ಲಿ ಜರ್ಮನಿಯ ಹೆರ್ಮಾನ್ ಎಂಬವರು ಶುದ್ಧ ರೂಪದಲ್ಲಿ ಅದನ್ನು ಹಲ್ಲಿನ ಚಿಕಿತ್ಸೆಗೆ ತಂದರು. ಅದರ ತೀವ್ರ ಕ್ಷಾರಗುಣಕ್ಕೆ ಸೂಕ್ಷ್ಮಜೀವಿಗಳು ಸಾಯುತ್ತವೆ. ಅದು ತಾಗಿದ ತಿರುಳಿನ ತೆಳುಪದರ ಸುಟ್ಟು, ಕೆಳಗಿನ ಕೋಶಗಳು ಎಚ್ಚೆತ್ತು ಡೆಂಟೀನ್ ಕಟ್ಟತೊಡಗುತ್ತವೆ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ತೊರಾಬಿನೆಜಾದ್ ಮತ್ತು ಸಂಗಡಿಗರು ಎಂಟಿಎ ಎಂಬ ವಸ್ತುವನ್ನು ರೂಪಿಸಿದರು. ಅದರ ಮುಖ್ಯ ಘಟಕ ಏನು ಗೊತ್ತೇ? ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಜಾತಿಯದ್ದೇ, ಶುದ್ಧ ಮಾಡಿದ್ದು, ಎಕ್ಸ್‌ರೇಯಲ್ಲಿ ಕಾಣಲೆಂದು ಬಿಸ್ಮತ್ ಆಕ್ಸೈಡ್ ಸೇರಿಸಿದ್ದು. ಇದನ್ನು ಓದಿ ಯಾರೂ ಹರಿವಾಣದ ಸುಣ್ಣ ತೆಗೆದು ಹಲ್ಲಿಗೆ ಮೆತ್ತಬೇಡಿ, ಬಾಯಿ ಬೆಂದುಹೋಗುತ್ತದೆ. ನಾನು ಹೇಳುವುದು ಬೇರೆ: ಯಾವುದು ಕೆಲಸ ಮಾಡೀತು ಎಂಬುದನ್ನು ಅದು ಹಸಿರಾಗಿದೆಯೋ ಬೂದುಬಣ್ಣದ್ದೋ ಎಂದು ನೋಡಿ ಮೊದಲೇ ಹೇಳಲಿಕ್ಕಾಗುವುದಿಲ್ಲ.

ಗಿಡಗಳನ್ನು ಹುಡುಕಲು ಒಳ್ಳೆಯ ಕಾರಣವೂ ಇದೆ. ಮಕ್ಕಳ ಹಾಲುಹಲ್ಲಿನ ತಿರುಳಿನ ಮೇಲ್ಭಾಗ ಕೆಟ್ಟರೆ ಅಷ್ಟನ್ನು ಕತ್ತರಿಸಿ, ಬೇರಿನ ಭಾಗವನ್ನು ಉಳಿಸುವ ಚಿಕಿತ್ಸೆಗೆ ಫಾರ್ಮೋಕ್ರೆಸಾಲ್ ಬಳಕೆಯಲ್ಲಿತ್ತು. 1904ರಿಂದ ಬಂದದ್ದು. ಅದರಲ್ಲಿರುವುದು ಫಾರ್ಮಾಲ್ಡಿಹೈಡ್, ನಮ್ಮ ಲ್ಯಾಬಿನ ಬಾಟಲಿಯಲ್ಲಿ ಮೀನು ಕಪ್ಪೆಗಳನ್ನು ಕೆಡದಂತೆ ಇಟ್ಟಿರುವ ಅದೇ ಫಾರ್ಮಲಿನ್ನಿನ ಮೂಲವಸ್ತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಎಂಟಿಎ ಒಳ್ಳೆಯದೇ, ಆದರೆ ದುಬಾರಿ. ಹಾಗಾಗಿ ನಮ್ಮ ದೇಶದ ದಂತ ಕಾಲೇಜುಗಳಲ್ಲಿ ಅರಸಿನ, ಲೋಳೆಸರ, ಜೇನುಗೂಡಿನ ಅಂಟು ಇವನ್ನೆಲ್ಲ ಇಟ್ಟು ಪರೀಕ್ಷೆಗಳು ನಡೆದಿವೆ. ಆರು ತಿಂಗಳು, ವರ್ಷದ ನಂತರ ಪರವಾಗಿಲ್ಲ ಎಂಬ ಫಲಿತಾಂಶಗಳೂ ಬಂದಿವೆ. ನನ್ನ ತಕರಾರು ಇಷ್ಟೇ: ಹೆಚ್ಚಿನವು ಕೆಲವೇ ಹತ್ತು ಹಲ್ಲುಗಳ ಮೇಲೆ, ಕೆಲವೇ ತಿಂಗಳು ನಡೆದವು. ಒಂದರಲ್ಲಿ ಬಳಸಿದ ಅರಸಿನಕ್ಕೂ ಇನ್ನೊಂದರ ಅರಸಿನಕ್ಕೂ ಸಂಬಂಧವಿಲ್ಲ. ಅರಸಿನದ ಕೊಂಬಿನಲ್ಲಿ ಕರ್ಕ್ಯುಮಿನ್ ಶೇಕಡಾ 2ರಿಂದ 5ರವರೆಗೆ ಏರುಪೇರಾಗುತ್ತದೆ. ಎಷ್ಟು ಹಾಕಿದೆವು ಎಂದೇ ತಿಳಿಯದಿದ್ದರೆ ಮತ್ತೊಬ್ಬರು ಅದನ್ನು ಮರಳಿ ಮಾಡಿ ನೋಡುವುದು ಹೇಗೆ? ಭಾರತದಲ್ಲಿ 2009ರ ಜೂನ್‌ನಿಂದ ಇಂಥ ಪ್ರತಿ ಪ್ರಯೋಗವನ್ನೂ ಶುರುಮಾಡುವ ಮೊದಲೇ ಸಾರ್ವಜನಿಕ ನೋಂದಣಿಯಲ್ಲಿ ಬರೆಸಬೇಕೆಂಬ ನಿಯಮವಿದೆ. ಸಿಟಿಆರ್‌ಐ ಎಂದು ಹೆಸರು, ಯಾರು ಬೇಕಾದರೂ ನೋಡಬಹುದು. ಹೈಸ್ಕೂಲು ಮಕ್ಕಳಿಗೆ ಅದನ್ನು ತೆರೆದು ತೋರಿಸಿ: ಏನು ಅಳೆಯುತ್ತೇವೆ ಎಂದು ಮೊದಲೇ ಬರೆದಿಟ್ಟು ಆಮೇಲೆ ಅಳೆಯುವುದು ಹೇಗಿರುತ್ತದೆ ಅಂತ ಕಾಣಲಿ.

ನಮ್ಮ ಲ್ಯಾಬುಗಳಲ್ಲಿ ಏನು ಮಾಡಬಹುದು? ಬಾಯಿಯ ಬ್ಯಾಕ್ಟೀರಿಯಾ ತೆಗೆದು ಅಗಾರ್ ತಟ್ಟೆಯಲ್ಲಿ ಬೆಳೆಸುವುದು ಬೇಡ. ಕೆಲವು ಕಡೆ ಮಾಡುತ್ತಾರೆ, ಬೆಳೆದದ್ದು ಏನು ಎಂದು ಗೊತ್ತಾಗುವುದಿಲ್ಲ, ಎಸೆಯುವ ಸರಿಯಾದ ವ್ಯವಸ್ಥೆಯೂ ನಮ್ಮಲ್ಲಿಲ್ಲ. ಸಹಪಾಠಿಯ ಹಲ್ಲಿನ ಮೇಲೆ ಪ್ರಯೋಗ ಖಂಡಿತ ಬೇಡ. ಮೊಸರು ಇದೆಯಲ್ಲ. ಹಾಲಿನ ಸಕ್ಕರೆಯನ್ನು ಆಮ್ಲ ಮಾಡುವ ಬ್ಯಾಕ್ಟೀರಿಯಾ ಅದರಲ್ಲಿವೆ. ಹುಳುಕಿನಲ್ಲೂ ಬ್ಯಾಕ್ಟೀರಿಯಾ ಮಾಡುವುದು ಸಕ್ಕರೆಯಿಂದ ಆಮ್ಲವೇ. ಕಾಯಿಸಿ ಉಗುರುಬೆಚ್ಚಗೆ ಮಾಡಿದ ಒಂದೇ ಹಾಲನ್ನು ಐದು ಲೋಟಕ್ಕೆ ಹಂಚಿ. ಮೊದಲನೆಯದಕ್ಕೆ ಹೆಪ್ಪು ಮಾತ್ರ. ಎರಡನೆಯದಕ್ಕೆ ಹೆಪ್ಪು ಮತ್ತು ಪೇರಳೆ ಎಲೆ ಕುದಿಸಿ ಆರಿಸಿದ ನೀರು ಎರಡು ಚಮಚ. ಮೂರನೆಯದಕ್ಕೆ ಹೆಪ್ಪು ಮತ್ತು ಎಲೆ ಇಲ್ಲದೆ ಕುದಿಸಿ ಆರಿಸಿದ ನೀರು, ಅಷ್ಟೇ ಎರಡು ಚಮಚ. ನಾಲ್ಕನೆಯದಕ್ಕೆ ಎಲೆಯ ನೀರು, ಹೆಪ್ಪು ಇಲ್ಲ. ಐದನೆಯದು ಬರೀ ಹಾಲು. ಲೋಟಗಳಿಗೆ ನಂಬರು ಹಾಕಿ, ಯಾವುದರಲ್ಲಿ ಏನಿದೆ ಎಂಬ ಚೀಟಿ ಒಬ್ಬರ ಜೇಬಿನಲ್ಲಿರಲಿ. ಎಷ್ಟು ಹೊತ್ತಿಗೆ ಹೆಪ್ಪುಗಟ್ಟಿತು ಎಂದು ನೋಡುವವರಿಗೆ ಅದು ಗೊತ್ತಿರಬಾರದು. ಪಿಎಚ್ ಕಾಗದವಿದ್ದರೆ ತಾಸಿಗೊಮ್ಮೆ ಮುಟ್ಟಿಸಿ ಬರೆದಿಡಿ.

ನಾಲ್ಕನೆಯ ಲೋಟ ಏಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರ ಹೇಳಬೇಡಿ, ಇನ್ನೊಮ್ಮೆ ಪೇರಳೆ ಬದಲು ಪುನರ್ಪುಳಿ ನೀರು ಹಾಕಿಸಿ. ಹೆಪ್ಪಿಲ್ಲದೆಯೂ ಹಾಲು ಒಡೆಯುತ್ತದೆ. ಹುಳಿಯಿಂದ ಒಡೆದದ್ದನ್ನು ಬ್ಯಾಕ್ಟೀರಿಯಾದ ಕೆಲಸ ಎಂದುಕೊಂಡರೆ ಆ ಇಡೀ ಪ್ರಾಜೆಕ್ಟು ಬಿದ್ದುಹೋಗುತ್ತದೆ ಎಂದು ಅವರೇ ಹೇಳುತ್ತಾರೆ. ಅರಸಿನ ಬಳಸುವವರು ಪಿಎಚ್ ಕಾಗದವನ್ನು ಹುಷಾರಾಗಿ ಓದಿ, ಅರಸಿನ ತಾನೇ ಒಂದು ಸೂಚಕ. ಆರತಿ ತಟ್ಟೆಯ ನೀರು ಸುಣ್ಣ ಬಿದ್ದು ಕೆಂಪಾಗುವುದನ್ನು ಕಂಡ ಮಕ್ಕಳಿಗೆ ಇದನ್ನು ವಿವರಿಸಲು ಒಂದು ನಿಮಿಷ ಸಾಕು.

ಈ ಪ್ರಯೋಗದಿಂದ ಮಕ್ಕಳು ಹೇಳಬಹುದಾದ ತೀರ್ಮಾನ ಚಿಕ್ಕದು: ಇಷ್ಟು ಪ್ರಮಾಣದ ಪೇರಳೆ ಎಲೆಯ ನೀರು ಮೊಸರಾಗುವುದನ್ನು ಇಷ್ಟು ನಿಮಿಷ ತಡಮಾಡಿತು, ಅಥವಾ ಮಾಡಲಿಲ್ಲ. ತೀರ್ಪುಗಾರರಾದ ನಾವು ಆ ಚಿಕ್ಕ ತೀರ್ಮಾನಕ್ಕೆ ಹೆಚ್ಚು ಅಂಕ ಕೊಡುವ ಧೈರ್ಯ ಮಾಡಬೇಕು. "ಮಾಡಲಿಲ್ಲ" ಎಂದು ಬರೆದ ತಂಡಕ್ಕೂ.

ಇದರಲ್ಲಿ ಪಣವಾಗಿರುವುದು ಗ್ರೇಡು ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 51 ಕೋಟಿ ಮಕ್ಕಳ ಹಾಲುಹಲ್ಲುಗಳು ಹುಳುಕು ಬಿದ್ದಿವೆ. ಅವರಲ್ಲಿ ಕೆಲವರು ನಿಮ್ಮ ಎದುರಿನ ಬೆಂಚಿನಲ್ಲಿ ಕೆನ್ನೆಗೆ ಕೈಕೊಟ್ಟು ಕೂತಿದ್ದಾರೆ. ಗಡಿಭಾಗದ ನಮ್ಮ ಶಾಲೆಗಳಿಗೆ ಹಲ್ಲಿನ ಡಾಕ್ಟರು ಹತ್ತಿರದಲ್ಲಿಲ್ಲ. ತಾಳವಾಡಿಯ ಮಗುವಿಗೆ ದೊಡ್ಡಾಸ್ಪತ್ರೆ ಎಂದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು, ಇಲ್ಲವೇ ರಾಜ್ಯದ ಗಡಿ ದಾಟಬೇಕು. ಅಪ್ಪನ ಒಂದು ದಿನದ ಕೂಲಿ ಹೋಗುತ್ತದೆ. ಶಾಲೆಯ ಪ್ರಾಜೆಕ್ಟಿನಲ್ಲೇ "ಪೇರಳೆ ಎಲೆ ಸಾಕು" ಎಂದು ಬರೆದು ಬಹುಮಾನ ಪಡೆದ ಮಗು ಮನೆಗೆ ಹೋಗಿ ಅದನ್ನೇ ಹೇಳುತ್ತದೆ. ಮೇಷ್ಟ್ರ ಸಹಿ ಇರುವ ಮಾತು ಅದು. ಹೊರಡಬೇಕೆಂದಿದ್ದ ಅಪ್ಪ ಇನ್ನೊಂದು ವಾರ ನೋಡೋಣ ಎನ್ನುತ್ತಾರೆ. ಆ ಒಂದು ವಾರದಲ್ಲಿ ಹಿಂದಿರುಗಬಹುದಾದ ಉರಿಯೂತ ಹಿಂದಿರುಗಲಾಗದ್ದಾಗುತ್ತದೆ.

"ಹಾಲುಹಲ್ಲು ತಾನೇ, ಬಿದ್ದು ಹೋಗ್ತದೆ" ಎನ್ನುವವರಿಗೆ ಎರಡು ವಿಷಯ ತಿಳಿಸಿ. ಹಾಲುಹಲ್ಲಿನ ಬೇರಿನ ಕೆಳಗೇ ಶಾಶ್ವತ ಹಲ್ಲಿನ ಮೊಳಕೆ ಇರುತ್ತದೆ, ಮೇಲಿನ ಕೀವಿನಿಂದ ಅದರ ಎನಾಮಲ್ ಕೆಡಬಹುದು. ಮತ್ತೆ, ಆರನೆಯ ವಯಸ್ಸಿನ ಆಸುಪಾಸಿನಲ್ಲಿ ಹಾಲುಹಲ್ಲುಗಳ ಹಿಂದೆ ಮೂಡುವ ದವಡೆ ಹಲ್ಲು ಬೀಳುವ ಹಲ್ಲಲ್ಲ, ಜೀವಮಾನಕ್ಕೆ ಒಂದೇ ಸಲ ಬರುವುದು. ಯಾವ ಹಲ್ಲೂ ಬೀಳದೆ ಸದ್ದಿಲ್ಲದೆ ಬರುವುದರಿಂದ ಅದನ್ನೂ ಹಾಲುಹಲ್ಲು ಎಂದೇ ತಿಳಿದು ಬಿಟ್ಟುಬಿಡುತ್ತಾರೆ. ಒಂದನೇ ಎರಡನೇ ತರಗತಿಯ ಟೀಚರುಗಳು ಇದನ್ನು ತಾಯಂದಿರ ಸಭೆಯಲ್ಲಿ ಹೇಳಿದರೆ ಎಷ್ಟೋ ಹಲ್ಲು ಉಳಿದೀತು. ರಾತ್ರಿ ನಿದ್ದೆಗೆಡಿಸುವ ಹಲ್ಲುನೋವು ತಾನಾಗಿ ನಿಂತರೂ ಒಮ್ಮೆ ತೋರಿಸಲೇಬೇಕು. ಮುಖ ಊದಿ ಜ್ವರ ಬಂದಿದ್ದರೆ, ಬಾಯಿ ತೆರೆಯಲು ನುಂಗಲು ಕಷ್ಟವಾಗುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ. ದಾರಿಯಲ್ಲಿ ಒಂದು ಲವಂಗ ಕಚ್ಚಿಕೊಂಡರೆ ನನ್ನ ಆಕ್ಷೇಪವಿಲ್ಲ.

ಕೊನೆಗೆ ಒಂದು ಕೆಲಸ. ನಮ್ಮ ಪೇರಳೆ ಬೇರೆ ಕಡೆ ಸೀಬೆ, ಇನ್ನೊಂದು ಕಡೆ ಪೇರಲ. ಕಾಸರಗೋಡಿನಲ್ಲಿ ಮಾವಿನೆಲೆ ಸುತ್ತಿ ಹಲ್ಲುಜ್ಜಿದವರಿದ್ದಾರೆ, ಜತ್ತ, ರಾಯದುರ್ಗದ ಕಡೆ ಕರಿಜಾಲಿ, ಬೇವಿನ ಕಡ್ಡಿ. ಹೆಸರು ಒಂದೇ ಇದ್ದು ಗಿಡ ಬೇರೆಯಾಗುವುದೂ ಇದೆ, ಪರೀಕ್ಷೆಗಳು ಮುಗ್ಗರಿಸುವುದು ಎಷ್ಟೋ ಸಲ ಅಲ್ಲೇ. ನಿಮ್ಮ ಊರಿನಲ್ಲಿ ಹಲ್ಲಿಗೆ ಬಳಸುವ ಗಿಡದ ಹೆಸರು, ಯಾವ ಭಾಗ, ಹಸಿಯೋ ಒಣಗಿಸಿಯೋ, ಎಷ್ಟು, ಹೇಗೆ ಎಂದು ಮಕ್ಕಳಿಂದ ಬರೆಸಿ, ಹೂವಿರುವ ಒಂದು ಕೊಂಬೆಯನ್ನು ದಿನಪತ್ರಿಕೆಯ ನಡುವೆ ಒಣಗಿಸಿ ಜೊತೆಗಿಡಿಸಿ. "ಗುಣವಾಗುತ್ತದೆಯೇ" ಎಂಬ ಕಾಲಮ್ಮು ಮಾತ್ರ ಸದ್ಯಕ್ಕೆ ಖಾಲಿ ಇರಲಿ.